ಸೊಂಟಕ್ಕೆ ಕಟ್ಟುವ ಹಗ್ಗ

ಮಗಳೇ ಕೆಹಾವ್,

ನಾಲ್ಕು ಮನೆ ಆಚೆ ಇರುವವಳಿಗೆ ಕಾಗದ ಬರೆಯುವುದೇನು ಬಂತು ಈ ಮುದುಕಿಗೆ ಎಂದು ಬೈಯುತ್ತೀಯೇನೋ. ಬೈಯಿ. ಎದುರಿಗೆ ಹೇಳಬೇಕೆಂದು ಮೂರು ಸಲ ನಿನ್ನ ಮನೆಗೆ ಬಂದೆ. ಮೂರು ಸಲವೂ ನೀನು ಕೆಸುಗಡ್ಡೆ ಅರೆದ ಪೊಯಿ, ಮೀನು ಬಡಿಸಿದೆ. ನಾನು ಕೆಟ್ಟವಳು, ತಿಂದು ಬಾಯಿ ಒರೆಸಿಕೊಂಡು ಎದ್ದು ಬಂದೆ.

ಶನಿವಾರ ಮಕೋವಾನ ಬೂದಿ ಬಿಡಲು ಊರೆಲ್ಲ ಅಲೆ ಸವಾರಿಯ ಹಲಗೆ ಹತ್ತಿ ಸಮುದ್ರಕ್ಕೆ ಹೋಗುತ್ತದೆ. ಹೊನೊಲುಲುವಿನಿಂದ ನಿನ್ನ ತಮ್ಮನೂ ಬರುತ್ತಾನಂತೆ. ಮಕೋವಾನ ಹೆಂಡತಿಯಾದ ನೀನು ಮಾತ್ರ ಬರುವುದಿಲ್ಲ ಎಂದು ಹಠ ಹಿಡಿದಿದ್ದೀಯ. ಮೊನ್ನೆ ನಿನ್ನ ಅತ್ತೆಗೆ ನೀನು ಹೇಳಿದ್ದು ಬಾಗಿಲಲ್ಲಿ ನಿಂತಿದ್ದ ನನಗೂ ಕೇಳಿಸಿತು. “ನನ್ನ ಒಂದೇ ಒಂದು ಮಾತು ಕೇಳಿದ್ರೆ ಬದುಕಿರ್ತಿದ್ದ. ಕೇಳ್ಲಿಲ್ಲ. ಅದರ ಮೇಲೆ ಸುಳ್ಳು ಬೇರೆ ಹೇಳ್ದ. ಅಂಥವನಿಗೆ ನಾನ್ಯಾಕೆ ಹಾರ ಕಟ್ಲಿ?” ಮೂಲೆಯಲ್ಲಿ ನಿನ್ನ ಮಗಳು ಕೂತಿದ್ದಳು. ಅಪ್ಪ ಸುಳ್ಳುಗಾರ ಎಂದು ಆ ಮಗು ತಿಳಿದುಕೊಂಡು ಬೆಳೆಯಬಾರದು. ಅದಕ್ಕೇ ಬರೆಯುತ್ತಿದ್ದೇನೆ.

ಭುಜ ಮುರಿದುಕೊಂಡು ಅಲೆ ಸವಾರಿ ಬಿಟ್ಟ ಮೇಲೆ ಅವನು ನನ್ನ ಹಲಗೆ, ಹುಟ್ಟುಗಳ ಅಂಗಡಿಗೆ ಬಂದದ್ದು ನಿನಗೂ ನೆನಪಿರಬಹುದು. “ಹಲಗೆ ಮೇಲೆ ನಿಂತ್ಕೊಂಡು ಹುಟ್ಟು ಹಾಕೋದು ಮುದುಕರ ಆಟ ಅಲ್ವಾ ಆಂಟಿ?” ಅಂದ. “ನೀನೇನು ಎಳೆ ಹುಡುಗನಾ? ತಲೆ ನೋಡ್ಕೋ ಕನ್ನಡಿಲಿ,” ಅಂದೆ. ಗೋಡೆಗೆ ನಿಲ್ಲಿಸಿ ಅಳೆದೆ. ಆಳಿನ ಎತ್ತರ, ಅದರ ಮೇಲೆ ಹೆಬ್ಬೆರಳು ಕಿರುಬೆರಳು ಚಾಚಿದ ಒಂದು ಕೈ. ನಮ್ಮಲ್ಲಿ ಹುಟ್ಟಿನ ಅಳತೆ ಅಷ್ಟೇ. ಆದರೆ ಭುಜ ನೋಯುವವನಿಗೆ ಆ ಉದ್ದ ಹೆಚ್ಚು. ಅಲಗು ಸಣ್ಣದಿರಬೇಕು, ಕೋಲು ಸ್ವಲ್ಪ ಬಾಗುವಂತಿರಬೇಕು. ಹಿಡಿಯನ್ನು ಗಟ್ಟಿಯಾಗಿ ಅಂಟಿಸದೆ ಅವನನ್ನು ನೀರಿಗಿಳಿಸಿ ನೋಡಿದೆ, ವಾಪಸು ಕರೆದು ಅರ್ಧ ಇಂಚು ಕೊಯ್ದೆ, ಮತ್ತೆ ಇಳಿಸಿದೆ. ಅರ್ಧ ಇಂಚಿಗಾಗಿ ಮೂರು ದಿನ ಅವನನ್ನು ಅಲೆಸಿದ ನಾನು, ಬಿದ್ದಾಗ ಹಲಗೆ ಕೈತಪ್ಪದಂತೆ ಮೈಗೆ ಕಟ್ಟುವ ಹಗ್ಗದ ವಿಷಯಕ್ಕೆ ಒಂದು ನಿಮಿಷವೂ ಯೋಚಿಸಲಿಲ್ಲ.

ಅಲೆ ಬೇಡವೆಂದು ಅವನು ಹೊಳೆಗೆ ಹೋಗತೊಡಗಿದಾಗ ನೀನು ಎಚ್ಚರಿಸಿದೆ. ನೀನು ಹೊಳೆಯ ದಡದಲ್ಲಿ ಬೆಳೆದವಳು, ಹರಿಯುವ ನೀರಿನ ಸ್ವಭಾವ ಬಲ್ಲವಳು. ಕಾಲಿಗೆ ಕಟ್ಟುವ ಹಗ್ಗ ಬೇಡ, ಸೊಂಟಕ್ಕೆ ಕಟ್ಟುವುದನ್ನು ತಗೋ ಎಂದು ಕಳಿಸಿದೆ. ಸೋಮವಾರ ಬಂದ, ಕೆಹಾವ್. ನೀನು ಹೇಳಿದ ದಿನವೇ ಬಂದ. ಮೊಳೆಯಿಂದ ತಾನೇ ತೆಗೆದು ಸೊಂಟಕ್ಕೆ ಕಟ್ಟಿಕೊಂಡ. ಅದರ ಕೆಂಪು ಗುಂಡನ್ನು ಎಳೆದರೆ ಹಗ್ಗ ಪಟ್ಟನೆ ಕಳಚಿಕೊಳ್ಳುತ್ತದಲ್ಲ, ಅದನ್ನು ಎರಡು ಸಲ ಎಳೆದು ನೋಡಿದ.

ನಾನು ನಕ್ಕೆ. ಬೆಂಚಿನ ಮೇಲೆ ಹಳೇ ಅಲೆ ಸವಾರರಿಬ್ಬರು ಕಾಫಿ ಕುಡಿಯುತ್ತ ಕೂತಿದ್ದರು. ಕೇಳುವವರಿದ್ದರೆ ನನ್ನ ನಾಲಿಗೆಗೆ ಲಂಗುಲಗಾಮಿಲ್ಲ. “ಏನೋ ಇದು, ಹೋಟೆಲಿನ ಟೂರಿಸ್ಟ್ ಆಗ್ಬಿಟ್ಯಾ? ಸೊಂಟಕ್ಕೆ ಹಗ್ಗ ಕಟ್ಕೊಂಡು ಹಂದಿ ಹಾಗೆ ಹೋಗ್ತೀಯಾ? ನಿಮ್ಮಪ್ಪ ಇದ್ದಿದ್ರೆ ಏನನ್ನೋನು?” ಮುದುಕರು ಹೊಟ್ಟೆ ಹಿಡಿದು ನಕ್ಕರು. ಇಲ್ಲಿ ಹಲಗೆಯ ಮೇಲೆ ನಿಲ್ಲಲು ಬಂದ ಕೂಡಲೇ ಮಕ್ಕಳ ಕಾಲಿಗೆ ಹಗ್ಗ ಕಟ್ಟುತ್ತೇವೆ. ಸಮುದ್ರಕ್ಕೆ ಸರಿಯಾದದ್ದು ಹೊಳೆಗೂ ಸರಿ ಎಂಬ ಜಂಬ ನಮ್ಮದು.

“ಕೆಹಾವ್ ಕೇಳಿದ್ರೆ ಏನ್ ಹೇಳ್ಲಿ ಆಂಟಿ?” ಅಂದ.

“ಖಾಲಿಯಾಗಿದೆ ಅಂತ ಹೇಳು.”

ಅವನ ಕೈಯಿಂದ ಕಿತ್ತು ಮೊಳೆಗೆ ಹಾಕಿದೆ. ಸುರುಳಿ ಹಗ್ಗವೊಂದನ್ನು ತಂದು ನಾನೇ ಬಗ್ಗಿ ಅವನ ಬಲಗಾಲಿಗೆ ಕಟ್ಟಿ ಅಳತೆ ನೋಡಿದೆ.

ಬುಧವಾರ ಅವನು ನೀರಿನಲ್ಲಿದ್ದಾಗಲೇ ಬೆಟ್ಟದಲ್ಲಿ ಮಳೆಯಾಗಿ ಹೊಳೆ ಕೆಂಪಗೆ ಬಂತು. ಹಗ್ಗ ಹಳೇ ಸೇತುವೆಯ ಕಂಬಕ್ಕೆ ಸುತ್ತಿಕೊಂಡು, ಹಲಗೆ ಒಂದು ಕಡೆ, ಅವನು ಇನ್ನೊಂದು ಕಡೆ. ನೀರು ಮಲಗಿಸಿ ಒತ್ತಿದಾಗ ಕಾಲಿನ ಪಟ್ಟಿಗೆ ಕೈ ಎಟುಕುವುದಿಲ್ಲ. ಹಗ್ಗ ಕತ್ತರಿಸಿದ ಅಗ್ನಿಶಾಮಕದವನು ನನಗೆ ಹೇಳಿದ, “ಸೊಂಟದ್ದಾಗಿದ್ರೆ ಒಂದೇ ಎಳೆತ ಆಂಟಿ.” ಅಂದಿನಿಂದ ನಾನು ನೆಟ್ಟಗೆ ನಿದ್ದೆ ಮಾಡಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಆಮೇಲೆ ನೀನು ಅಂಗಡಿಗೆ ಬಂದೆ. ಮೊಳೆಯಲ್ಲಿ ನೇತಾಡುತ್ತಿದ್ದ ಸೊಂಟದ ಹಗ್ಗಗಳನ್ನು ನೋಡಿ, “ಇವು ಈಗ ಬಂದಿದ್ದಾ?” ಎಂದು ಕೇಳಿದೆ. “ಇಲ್ಲ, ಮೊದಲಿಂದಲೂ ಇದ್ವು,” ಅಂದೆ. ಅಷ್ಟು ನಿಜ ಹೇಳಿ ಉಳಿದದ್ದನ್ನು ನುಂಗಿದೆ. ನಿನ್ನ ಮುಖ ಕಲ್ಲಾಯಿತು. ನನ್ನ ಮಾನ ಉಳಿಸಿಕೊಳ್ಳಲು ಸತ್ತವನನ್ನು ಸುಳ್ಳುಗಾರನನ್ನಾಗಿ ಮಾಡಿದೆ. ಆ ಸುಳ್ಳು ನನ್ನದು, ಮಗಳೇ. ಅವನ ಬಾಯಿಗೆ ತುರುಕಿದವಳು ನಾನು.

ಕ್ಷಮಿಸು ಎಂದು ಕೇಳುವುದಿಲ್ಲ. ಶನಿವಾರ ನಾನು ಸಮುದ್ರಕ್ಕೆ ಬರುವುದಿಲ್ಲ, ಕರೆಯಬೇಡ. ನೀನು ಹೋಗು. ನಿನ್ನ ಅಂಗಳದ ದೇವಕಣಗಿಲೆಯಲ್ಲೇ ಹಾರ ಕಟ್ಟು, ಮಗಳನ್ನು ನಿನ್ನ ಹಲಗೆಯ ಮುಂಭಾಗದಲ್ಲಿ ಕೂರಿಸಿಕೋ.

ಇನ್ನೊಂದು ಮಾತಿದೆ. ಆ ಸೋಮವಾರ ಅವನು ಹೋದವನು ಮುದುಕರಿಬ್ಬರೂ ಎದ್ದು ಹೋಗುವ ತನಕ ರಸ್ತೆಯಲ್ಲಿ ಕಾದಿದ್ದು ಮತ್ತೆ ಬಂದ. ಬಾಗಿಲಿಗೆ ಒರಗಿ ಮೆಲ್ಲಗೆ ಅಂದ: “ಒಂದು ನನಗೆ ಎತ್ತಿಟ್ಟಿರು ಆಂಟಿ. ಇದ್ದ ದುಡ್ಡು ಕಾಲಿನ ಹಗ್ಗಕ್ಕೆ ಹೋಯ್ತು, ಗುರುವಾರ ಬಂದು ತಗೊಂಡ್ಹೋಗ್ತೀನಿ. ನೀವು ಎಷ್ಟಾದ್ರೂ ನಗಿ, ನನಗೆ ಅವಳ ಮಾತೇ ಮಾತು.” ಎತ್ತಿಟ್ಟೆ, ಚೀಟಿಯಲ್ಲಿ ಅವನ ಹೆಸರು ಬರೆದು. ಈ ಕಾಗದದ ಜೊತೆ ಅದನ್ನು ನಿನ್ನ ಬಾಗಿಲಲ್ಲಿ ಇಟ್ಟು ಹೋಗುತ್ತೇನೆ.

ನೀರು ನಿನ್ನ ಮೇಲೂ ಮಗುವಿನ ಮೇಲೂ ಇನ್ನೆಂದೂ ಮುನಿಯದಿರಲಿ.

ನಿನ್ನೆದುರು ಬರಲಾರದ,
ಲೋಕೆ ಆಂಟಿ