ಹಸಿರು ಆರುವ ಮುನ್ನ

ಕ್ರೋಯ್ಡನ್, ಲಂಡನ್
ಭಾನುವಾರ, ನವೆಂಬರ್ 23, 2025

ಪ್ರೀತಿಯ ಸುವರ್ಣಾ ಅತ್ತೆಗೆ,

ನಿಮ್ಮ ಸ್ಫೂರ್ತಿಯ ನಮಸ್ಕಾರ. ನಾವೆಲ್ಲ ಆರಾಮ ಅಂತ ಬರೆಯಬೇಕು, ಆದರೆ ಎಲ್ಲರೂ ಆರಾಮ ಇಲ್ಲ. ಅಪ್ಪಾಜಿ, ಅವ್ವ ಚೆನ್ನಾಗಿದ್ದಾರೆ. ಆಯಿಯ ಮೊಣಕಾಲು ಚಳಿಗೆ ಊದಿದೆ. ನನ್ನ ವಿಷಯ ಮುಂದೆ ಹೇಳುತ್ತೇನೆ. ನೀವು ಶ್ರಾವಣದಲ್ಲಿ ಕಳಿಸಿದ ಶೇಂಗಾ ಚಟ್ನಿ ಮುಗಿದು ಡಬ್ಬಿಯನ್ನೂ ತೊಳೆದಿಟ್ಟಾಯಿತು, ಉತ್ತರ ಮಾತ್ರ ಈಗ ಬರೆಯುತ್ತಿದ್ದೇನೆ. ಕೆಲಸವಿತ್ತು ಅಂತ ಸುಳ್ಳು ಹೇಳುವುದಿಲ್ಲ. ಏನೂ ಕೆಲಸವಿರಲಿಲ್ಲ, ಅದಕ್ಕೇ ತಡವಾಯಿತು. ಫೋನಿನಲ್ಲಿ ಹೇಳೋಣವೆಂದರೆ ಈ ಫ್ಲ್ಯಾಟಿನಲ್ಲಿ ಒಬ್ಬರ ಮಾತು ಎಲ್ಲರಿಗೂ ಕೇಳಿಸುತ್ತದೆ. ನಿಮ್ಮ ಹೆಸರು ಕಿವಿಗೆ ಬಿದ್ದರೆ ಸಾಕು, ಆಯಿ ತನ್ನ ಮಗಳ ಜೊತೆ ಮಾತಾಡಬೇಕೆಂದು ಮೊಮ್ಮಗಳ ಕೈಯಿಂದ ಫೋನು ಕಸಿದುಕೊಳ್ಳುತ್ತಾಳೆ.

ನಾನು ಓದು ಬಿಟ್ಟದ್ದು ನಿಮಗೆ ಗೊತ್ತಿದೆ. ಅಪ್ಪಾಜಿ ಊರಲ್ಲಿ ‘ಒಂದು ವರ್ಷ ಬ್ರೇಕ್’ ಅಂತ ಹೇಳಿದ್ದಾರಂತೆ. ಬ್ರೇಕ್ ಅಲ್ಲ ಅತ್ತೆ, ಬಿಟ್ಟೆ. ಕುರ್ಚಿಯ ಮೇಲೆ ಕೂತು ಗೋಡೆ ನೋಡುವುದು ನನ್ನಿಂದ ಆಗಲಿಲ್ಲ. ಈಗ ನಾಲ್ಕನೇ ಮಹಡಿಯ ಕಿಟಕಿಯಲ್ಲಿ ಕೂತು ಟ್ರಾಮು ನೋಡುತ್ತೇನೆ. ವಿಂಬಲ್ಡನ್ ಕಡೆ ಹೋಗುತ್ತದೆ, ತಿರುಗಿ ಇಲ್ಲಿಗೇ ಬರುತ್ತದೆ.

ನಮ್ಮ ಫ್ಲ್ಯಾಟಿನ ಎದುರಿಗೆ ದೊಡ್ಡ ರಸ್ತೆ. ಅದರ ಆಚೆ ಬದಿಯನ್ನು ಆಯಿ ಹೊಳೆಗೆ ಹೇಳಿದ ಹಾಗೆ ‘ಆಚೀ ದಂಡಿ’ ಅನ್ನುತ್ತಾಳೆ. ಡಾಕ್ಟರು, ಔಷಧಿ ಅಂಗಡಿ, ಪ್ರತಿ ಗುರುವಾರ ವಯಸ್ಸಾದವರು ಸೇರುವ ಹಾಲ್, ಎಲ್ಲ ಆಚೆ ದಂಡೆಯಲ್ಲೇ. ದಾಟುವುದಕ್ಕೆ ಸಿಗ್ನಲ್ ಇದೆ. ಆದರೆ ಆಯಿ ಅರ್ಧಕ್ಕೆ ಬರುವಷ್ಟರಲ್ಲಿ ಹಸಿರು ಆರುತ್ತಿತ್ತು. ಕಳೆದ ಫೆಬ್ರವರಿಯಲ್ಲಿ ಒಬ್ಬಳೇ ಹೋದವಳು ರಸ್ತೆಯ ನಡುವಿನ ಕಿರಿದಾದ ಕಟ್ಟೆಯ ಮೇಲೆ ಸಿಕ್ಕಿಕೊಂಡಳು. ಹಿಂದೆ ಕಾರು, ಮುಂದೆ ಕಾರು. ಹಸಿರು ಮತ್ತೆ ಮತ್ತೆ ಬಂತಂತೆ, ಕಾಲು ಕೀಳಲು ಧೈರ್ಯ ಬರಲಿಲ್ಲವಂತೆ. ಸೂಪರ್‌ಮಾರ್ಕೆಟ್ಟಿನಿಂದ ಬರುತ್ತಿದ್ದ ನಾನು ನೋಡಿದಾಗ ಕಬ್ಬಿಣದ ಸರಳನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದಳು.

“ಯಾರನ್ನಾದ್ರೂ ಕರೀಬಾರದಿತ್ತೇನ ಆಯಿ?”

“ಯಾರ ಹೆಸರು ಹಿಡದು ಕರೀಲಿ?” ಅಂದಳು.

ಅಂದು ಸಂಜೆ ಅಪ್ಪಾಜಿ ತೀರ್ಮಾನ ಕೊಟ್ಟರು. “ನಮ್ಮವ್ವ ಒಬ್ಬಾಕಿನಽ ಹೊರಗ ಹೋಗೂದು ಬ್ಯಾಡ. ಹೆಂಗೂ ನೀ ಮನ್ಯಾಗಽ ಇರ್ತಿ.” ಆ ‘ಹೆಂಗೂ’ ಇನ್ನೂ ನನ್ನ ಕಿವಿಯಲ್ಲಿದೆ. ಅಂದಿನಿಂದ ಆಯಿ ಎಲ್ಲಿಗೆ ಹೋದರೂ ನಾನು ಜೊತೆಗೆ. ನಾನು ಎಲ್ಲಿಗೂ ಇಲ್ಲ.

ಮೇ ತಿಂಗಳಲ್ಲಿ ಯಾರ್ಕ್‌ನಿಂದ ನನ್ನನ್ನು ಕೆಲಸಕ್ಕೆ ಕರೆದು ಕಾಗದ ಬಂತು. ಹಳೆಯ ಚರ್ಚು, ಕೋಟೆಗಳ ಕಲ್ಲು ದುರಸ್ತಿಯ ಕೆಲಸ. ಸಂಬಳ ಕೊಟ್ಟೇ ಕಲಿಸುತ್ತಾರೆ, ಸೆಪ್ಟೆಂಬರಿನಿಂದ ಶುರು. ಚಿಕ್ಕವಳಿದ್ದಾಗ ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದರೆ ಎಲ್ಲರೂ ಒಳಗೆ ಕೂಗಿ ಮಾರ್ದನಿ ಕೇಳುತ್ತಿದ್ದರು, ನಾನು ಹೊರಗೆ ಕಲ್ಲು ಸವರುತ್ತ ನಿಲ್ಲುತ್ತಿದ್ದೆ ಅಂತ ನೀವೇ ನಗುತ್ತಿದ್ದಿರಲ್ಲ. ಆ ಕಾಗದ ನೋಡಿ ನಾನು ಕಾರಿಡಾರಿನಲ್ಲಿ ಕುಣಿದೆ. ಅಪ್ಪಾಜಿ ಬೇಡ ಅನ್ನಲಿಲ್ಲ. ಊಟದ ಹೊತ್ತಿಗೆ ಎಲ್ಲರ ಮುಂದೆ ಹೇಳಿದರು: “ನಮ್ಮವ್ವ ಒಬ್ಬಾಕಿನಽ ರಸ್ತಾ ದಾಟೂದು ನಾ ಕಣ್ಣಾರೆ ನೋಡಬೇಕು. ನೋಡಿದ ಮರುದಿನಽ ಹೋಗು.” ಆಯಿ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡಳು.

ಅಷ್ಟರಲ್ಲೇ ಗುರುವಾರದ ಗುಂಪಿನವರು ಕೌನ್ಸಿಲ್ಲಿಗೆ ಅರ್ಜಿ ಕೊಟ್ಟಿದ್ದರು. ಕಲಬುರಗಿ ಕಡೆ ಹೆಡ್‌ಮಾಸ್ತರರಾಗಿದ್ದ ಅಮೃತಪ್ಪನವರು ಬರೆದದ್ದು. ಹಸಿರು ಇನ್ನಷ್ಟು ಹೊತ್ತು ಇರಲಿ, ಫುಟ್‌ಪಾತಿನ ಅಂಚು ಇಳಿಸಿ, ಕೂರಲು ಒಂದು ಬೆಂಚು ಹಾಕಿ ಅಂತ. ಜುಲೈಯಲ್ಲಿ ಬರುತ್ತೇವೆ, ನಿಮ್ಮ ಜೊತೆಗೇ ನಡೆದು ನೋಡುತ್ತೇವೆ ಅಂತ ಕೌನ್ಸಿಲ್ಲಿನಿಂದ ಉತ್ತರ ಬಂತು.

ಆವತ್ತಿನಿಂದ ಆಯಿ ಲಿಫ್ಟಿನ ಮುಂದಿನ ಕಾರಿಡಾರಿನಲ್ಲಿ ಕೋಲು ಬಿಟ್ಟು, ಗೋಡೆ ಹಿಡಿದು ಓಡಾಡತೊಡಗಿದಳು. ಯಾಕೆ ಅಂದರೆ, “ಸಾಹೇಬ್ರ ಮುಂದ ಕೋಲೂರಿ ನಿಲ್ಲೂದೇನು, ಭಿಕ್ಷಾ ಬೇಡಾಕ ಹೋದಂಗ?” ಅಂದಳು. ಅಪ್ಪಾಜಿಯೂ ಅಂದು ಬರಲೇಬೇಕೆಂದು ಹಟ ಹಿಡಿದು, ಅವರು ಕೆಲಸದ ಪಾಳಿಯನ್ನೇ ಬದಲಿಸುವಂತೆ ಮಾಡಿದಳು.

ಆ ಗುರುವಾರ ಮಾಸ್ತರರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದು ನೋಡಿ, ನಮ್ಮ ಶಾಲೆಗೆ ಇನ್‌ಸ್ಪೆಕ್ಟರ್ ಬರುತ್ತಿದ್ದ ದಿನ ನೆನಪಾಯಿತು. ಆಯಿ ಇಳಕಲ್ ಸೀರೆ ಉಟ್ಟಿದ್ದಳು. ಉಡುಪಿ ಕಡೆಯ ಕ್ರಿಸ್ಟೀನ್ ಆಂಟಿ ಲಿಪ್‌ಸ್ಟಿಕ್ ಹಚ್ಚಿದ್ದರು. ಬಂದವರು ಹೇಜಲ್ ಅಂತ, ಹಳದಿ ಜಾಕೆಟ್ ಹಾಕಿದ ಸೌಮ್ಯ ಹೆಂಗಸು. “ದಿನಾ ಹೇಗೆ ನಡೆಯುತ್ತೀರೋ ಹಾಗೇ ನಡೆಯಿರಿ, ನನಗೆ ಅವಸರವಿಲ್ಲ” ಅಂದರು. ಮಾಸ್ತರರು ಅದನ್ನು ನಮ್ಮವರಿಗೆ ಹೇಳಿದ್ದು ಹೀಗೆ: “ಮೇಡಮ್ಮೋರು ಕಾಯಾಕತ್ಯಾರ, ಲಗೂ ಲಗೂ ಹೆಜ್ಜಿ ಹಾಕ್ರಿ!”

ಅವರು ನಡೆಯಲಿಲ್ಲ ಅತ್ತೆ, ಓಡಿದರು. ಆಯಿ ನಿರಿಗೆ ಎತ್ತಿ ಹಿಡಿದು ಎಲ್ಲರಿಗಿಂತ ಮುಂದೆ. ನಡುವಿನ ಕಟ್ಟೆಯ ಹತ್ತಿರ ಒಮ್ಮೆ ವಾಲಿದಳು, ನಿಲ್ಲಲಿಲ್ಲ. ಆಚೆ ದಂಡೆ ಮುಟ್ಟಿ ತಿರುಗಿ ನಿಂತು, ಹೇಜಲ್ ಕಡೆಗಲ್ಲ, ಅಪ್ಪಾಜಿ ಕಡೆಗೆ ನೋಡಿ ನಕ್ಕಳು.

ನಾವೂ ದಾಟಿ ಅವರನ್ನು ಸೇರಿಕೊಂಡೆವು. “ಎಲ್ಲರೂ ಸಮಯಕ್ಕೆ ಸರಿಯಾಗಿ ದಾಟಿದರಲ್ಲ, ಲವ್ಲಿ” ಅಂತ ಹೇಜಲ್ ತಮ್ಮ ಟ್ಯಾಬ್ಲೆಟ್ಟಿನಲ್ಲಿ ಏನೋ ಒತ್ತಿದರು.

ನನಗೆ ತಡೆಯಲಾಗಲಿಲ್ಲ. ಇವರು ದಿನಾ ಹೀಗೆ ನಡೆಯುವುದಿಲ್ಲ, ನಿಮ್ಮನ್ನು ಕಾಯಿಸಬಾರದೆಂದು ಓಡಿದ್ದಾರೆ, ಕಾಲಿನಲ್ಲೇ ಸುಳ್ಳು ಹೇಳಿದ್ದಾರೆ ಅಂದೆ. ನಮ್ಮಜ್ಜಿ ಕೋಲಿಲ್ಲದೆ ಅಡುಗೆಮನೆಯಿಂದ ಬಾತ್‌ರೂಮಿನವರೆಗೂ ಬರುವುದಿಲ್ಲ, ಫೆಬ್ರವರಿಯಲ್ಲಿ ಇದೇ ಕಟ್ಟೆಯ ಮೇಲೆ ಸಿಕ್ಕಿಕೊಂಡಿದ್ದಳು ಅಂತ ಎಲ್ಲ ಹೇಳಿದೆ. “ಏ ಹುಡುಗಿ, ಬಾಯಿ ಮುಚ್ಚ!” ಅಂದರು ಮಾಸ್ತರರು. ಕ್ರಿಸ್ಟೀನ್ ಆಂಟಿ ನನ್ನ ಜಾಕೆಟ್ಟಿನ ತೋಳು ಜಗ್ಗಿದರು. ನಾನು ನಿಲ್ಲಿಸಲಿಲ್ಲ.

ಹೇಜಲ್ ಮೆತ್ತಗೆ, “ಕೋಲು ಹಿಡಿದು ಇನ್ನೊಮ್ಮೆ ದಾಟುತ್ತೀರಾ?” ಅಂತ ಕೇಳಿದರು. ನಾನೇ ಮನೆಗೆ ಓಡಿ ಕೋಲು ತಂದೆ. ಆಯಿ ನನ್ನ ಮುಖ ನೋಡಿದಳು, ಕೋಲು ಇಸಿದುಕೊಂಡಳು. ಈ ಸಲ ಅವಳ ನಿಜವಾದ ನಡಿಗೆ. ಅರ್ಧಕ್ಕೆ ಹಸಿರು ಆರಿತು. ನಡುವೆ ಒಂದು ಬಸ್ಸು ಹಾದುಹೋಯಿತು. ಅದು ಸರಿದಾಗ ಆಯಿ ಅದೇ ಕಟ್ಟೆಯ ಮೇಲೆ, ಅದೇ ಸರಳು ಹಿಡಿದು, ತಲೆ ತಗ್ಗಿಸಿ ನಿಂತಿದ್ದಳು. ಅಪ್ಪಾಜಿ ನನ್ನ ಪಕ್ಕದಲ್ಲೇ ಇದ್ದರು.

ಮನೆಗೆ ಬಂದ ಮೇಲೆ ಅವರು ಸಿಟ್ಟಾಗಲಿಲ್ಲ. “ನಮ್ಮವ್ವಗ ಒಬ್ಬಾಕಿಗೆ ದಾಟಾಕ ಆಗೂದಿಲ್ಲಂತ ನಿನ್ನ ಬಾಯಿಲೇನಽ ಬಂತು. ನಾ ಏನೂ ಅಂದಿಲ್ಲ” ಅಂದರು.

“ನಾ ಹೇಳಿದ್ದು ರಸ್ತಾದ ಮಾತು ಅಪ್ಪಾಜಿ.”

“ಗೊತ್ತೈತಿ. ಆದ್ರ ನಾ ನೋಡಿದ್ದು ನಮ್ಮವ್ವನ್ನ.”

ಸೆಪ್ಟೆಂಬರ್ ಬಂತು, ಹೋಯಿತು. ಯಾರ್ಕ್‌ನವರು ಆ ಜಾಗವನ್ನು ಇನ್ನೊಬ್ಬರಿಗೆ ಕೊಟ್ಟರು.

ಒಳ್ಳೆಯ ಸುದ್ದಿಯನ್ನೂ ಬರೆಯಬೇಕು. ಅಕ್ಟೋಬರಿನಲ್ಲಿ ಕೆಲಸದವರು ಬಂದು ರಸ್ತೆ ಅಗೆದರು. ಈಗ ಹಸಿರು ಬಹಳ ಹೊತ್ತು ಇರುತ್ತದೆ. ಕಟ್ಟೆ ಅಗಲವಾಗಿದೆ, ಅಂಚು ರಸ್ತೆಯ ಮಟ್ಟಕ್ಕೆ ಇಳಿದಿದೆ, ಆಚೆ ಬೆಂಚೂ ಬಂದಿದೆ. ಆವತ್ತು ನಿಜ ಹೇಳಿದ್ದಕ್ಕೆ ಧನ್ಯವಾದ ಅಂತ ಹೇಜಲ್ ನನಗೆ ಕಾರ್ಡು ಕಳಿಸಿದರು. ನಾನು ಹೇಳಿದ್ದು ತಪ್ಪು ಅಂತ ಈಗಲೂ ಅನ್ನಿಸುವುದಿಲ್ಲ ಅತ್ತೆ. ಅಂದು ಬಾಯಿ ಮುಚ್ಚಿದ್ದರೆ ಯಾರಾದರೂ ಬಸ್ಸಿನ ಕೆಳಗೆ ಬೀಳುತ್ತಿದ್ದರು. ಹೊಸ ಸಿಗ್ನಲ್ ತೋರಿಸಿ ಈಗಲಾದರೂ ನನ್ನನ್ನು ಬಿಡಿ ಅಂದರೆ, ಅಪ್ಪಾಜಿ “ಚಳಿಗಾಲ ಹೋಗ್ಲಿ, ಆಮ್ಯಾಲ ನೋಡೋಣು” ಅನ್ನುತ್ತಾರೆ. ಈ ಊರಿನಲ್ಲಿ ಚಳಿಗಾಲ ಯಾವಾಗ ಹೋಗುತ್ತದೆಂದು ಯಾರೂ ಗಟ್ಟಿಯಾಗಿ ಹೇಳಲಾರರು.

ಪಕ್ಕದಲ್ಲಿ ಆಯಿ ಬಂದು ಕೂತಿದ್ದಾಳೆ. ಕನ್ನಡಕ ಸಿಕ್ಕಿಲ್ಲ, ಓದಲಾರಳು. ಬರೆಯಿಸುತ್ತಿದ್ದಾಳೆ: “ಸುವ್ವಿ, ನಿನ್ನ ಮನಿ ತುಂಬಿರಲಿ. ಮಕ್ಕಳು ಮರಿ ಕೈಗೆ ಬರಲಿ. ಇಲ್ಲಿ ಈ ಹುಡುಗಿ ನನ್ನ ಭಾಳ ಜ್ವಾಕಿ ಮಾಡ್ತಾಳ, ಕಾಳಜಿ ಬಿಡು.” ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ. ನನ್ನ ಮೇಲೂ ನಿಮ್ಮ ಆಶೀರ್ವಾದವಿರಲಿ, ಈ ಸಲ ಸ್ವಲ್ಪ ಹೆಚ್ಚಿಗೆ.

ನಿಮ್ಮ,
ಸ್ಫೂರ್ತಿ

ತಾ.ಕ.: ಇದನ್ನು ಬರೆಯಲು ಮರೆತಿರಲಿಲ್ಲ, ಆಯಿ ಎದ್ದುಹೋಗಲೆಂದು ಕಾಯುತ್ತಿದ್ದೆ. ಹೋದ ಗುರುವಾರ ಹಾಲ್‌ನಲ್ಲಿ ನಾನು ಜಂಬದಿಂದ, “ನೋಡಿ ಆಂಟಿ, ನಾನು ಬಾಯಿ ಬಿಟ್ಟಿದ್ದಕ್ಕೆ ನಿಮ್ಮ ರಸ್ತೆ ಆಯ್ತು” ಅಂದೆ. ಕ್ರಿಸ್ಟೀನ್ ಆಂಟಿ ಚಹಾದ ಕಪ್ ಕೆಳಗಿಟ್ಟರು. “ನಿನಗೆ ಗೊತ್ತೇ ಇಲ್ವಾ ಮಾರಾಯ್ತಿ? ನಾವು ಓಡಿದ್ದು ಕೌನ್ಸಿಲ್ಲಿನವರಿಗಾ? ನಿನ್ನ ಅಜ್ಜಿ ಅದರ ಹಿಂದಿನ ವಾರ ಒಬ್ಬೊಬ್ಬರ ಕೈ ಹಿಡಿದು ಕೇಳಿದ್ದು. ನನ್ನ ಮಗ ನೋಡ್ತಾನೆ, ಎಲ್ಲ ಬೇಗ ಬೇಗ ದಾಟಿ, ಮೊಮ್ಮಗಳು ಕೆಲಸಕ್ಕೆ ಹೋಗ್ಲಿ ಅಂತ. ಮಾಸ್ತರರು ಮೊದಲು ಒಪ್ಲೇ ಇಲ್ಲ, ನಮ್ಮ ಅರ್ಜಿಯ ಗತಿ ಎಂತ ಅಂತ. ಅದಕ್ಕೆ ನಿನ್ನಜ್ಜಿ, ರಸ್ತೆಯನ್ನು ಬರುವ ವರ್ಷನೂ ಕೇಳ್ಬಹುದು, ಹುಡುಗಿಯ ಸೆಪ್ಟೆಂಬರ್ ತಿರುಗಿ ಬರ್ತದಾ ಅಂದ್ರು.”

ನನಗೆ ಗೊತ್ತಾಗಿದೆ ಅಂತ ಆಯಿಗೆ ಹೇಳಿಲ್ಲ. ನೀವೂ ಹೇಳಬೇಡಿ. ಮನಸ್ಸಿಗೆ ಬಂದದ್ದನ್ನು ಹೇಳದೆ ಇಟ್ಟುಕೊಂಡಿರುವುದು ನನಗೆ ಇದೇ ಮೊದಲು. ಈಗಲೂ ನಾವಿಬ್ಬರೂ ಕೈ ಹಿಡಿದು ಮೆಲ್ಲಗೆ ದಾಟುತ್ತೇವೆ. ಆಚೆ ದಂಡೆ ಮುಟ್ಟಿದರೂ ಹಸಿರು ಇನ್ನೂ ಇರುತ್ತದೆ. ಆಯಿ ಪ್ರತಿ ಸಲ ಹಿಂತಿರುಗಿ ನೋಡಿ, “ಇನ್ನೂ ಯಾರರೆ ಬರೋರದಾರೇನವಾ?” ಅಂತ ಕೇಳುತ್ತಾಳೆ.

“ಇಲ್ಲ ಆಯಿ, ನಾವಽ ಇಬ್ಬರು” ಅನ್ನುತ್ತೇನೆ.