ಕಿಟಕಿಯ ಮೇಲೆ ಮೂರು ರಜಾಯಿ

ಶ್ವಾಬಿಂಗ್, ಮ್ಯೂನಿಕ್
೧೪ ಮಾರ್ಚ್ ೧೯೩೩, ಮಂಗಳವಾರ

ಪ್ರೀತಿಯ ಅಮ್ಮ,

ನನ್ನ ಅಕ್ಷರ ಕೋಳಿ ಕೆದರಿದಂತಿದೆ, ತಪ್ಪುಗಳೂ ಇರಬಹುದು, ನಗಬೇಡ. ತಡವಾಗಿದ್ದಕ್ಕೂ ಕ್ಷಮಿಸು. ಅಂಚೆಗೆ ಹಾಕಬೇಡವೆಂದು ಅಫ್ರಾ ಅಕ್ಕ ಹೇಳಿದಳು. ನಾಳೆ ಮೊಟ್ಟೆ ಮಾರಲು ಬರುವ ನಮ್ಮೂರ ರೇಸಿಯ ಕೈಯಲ್ಲಿ ಕಳಿಸುತ್ತೇನೆ. ಓದಿ ಒಲೆಗೆ ಹಾಕು.

ಅಕ್ಕ ಚೆನ್ನಾಗಿದ್ದಾಳೆ. ಹೊಟ್ಟೆಯ ಮೇಲೆ ಕೋಟಿನ ಗುಂಡಿ ಕೂರುವುದಿಲ್ಲ. ಹೆರಿಗೆಗೆ ಮನೆಗೆ ಬಾ ಎಂದರೆ "ನೋಡೋಣ ಬುರ್ಗಿ" ಎನ್ನುತ್ತಾಳೆ. ಶನಿವಾರ ಕರೆದುಕೊಂಡೇ ಬರುತ್ತೇನೆ.

ಭಾನುವಾರ ಭಾವ ನಮ್ಮನ್ನು ಚಿತ್ರಕಾರರ ಬಿಯರಂಗಡಿಗೆ ಕರೆದೊಯ್ದ. ರಾತ್ರಿಯಿಡೀ ಹಾಡು, ಜಗಳ, ಮೇಜಿನ ಮೇಲೆ ಕುಣಿತ ಎಂದು ಅಕ್ಕ ಬರೆದಿದ್ದಳಲ್ಲ? ಈಗ ಮೂರೇ ಜನ, ಅವರೂ ಬಾಗಿಲನ್ನೇ ನೋಡುತ್ತ ಕೂತಿದ್ದರು. ಮಾಲೀಕ ಗೋಡೆಗೆ ಸುಣ್ಣ ಬಳಿಯುತ್ತಿದ್ದ. ಆ ಗೋಡೆಯ ಮೇಲೆ ಭಾವ ಹಿಂದೊಮ್ಮೆ ಕಂದು ಅಂಗಿ ತೊಟ್ಟ ಆಡನ್ನು ಬರೆದಿದ್ದ. ಈಗ ಊರು, ಪೊಲೀಸು ಎಲ್ಲ ಆ ಅಂಗಿಯ ಪಕ್ಷದವರದೇ.

"ನಾಲ್ಕು ಸಲ ಬಳಿದೆ ಕಣಯ್ಯಾ ಕೊರ್ಬಿನಿಯನ್, ನಿನ್ನ ಆಡು ಇನ್ನೂ ಇಣುಕ್ತಾ ಇದೆ!"

"ಮೇವು ಹಾಕ್ಬೇಡಿ, ತಾನೇ ಸೊರಗುತ್ತೆ" ಅಂದ ಭಾವ.

ಯಾರೂ ನಗಲಿಲ್ಲ. ಒಬ್ಬ ಅರ್ಧ ಗ್ಲಾಸು ಬಿಟ್ಟು ಎದ್ದು ಹೋದ.

ಇಲ್ಲಿಯೂ ಊರಿನಂತೆಯೇ ಬೆಳಿಗ್ಗೆ ನಮ್ಮ ಮೂವರ ರಜಾಯಿಗಳನ್ನು ಕಿಟಕಿಯ ಮೇಲೆ ಗಾಳಿಗೆ ಹಾಕುತ್ತೇನೆ. ಈ ಬಾಡಿಗೆ ಕಟ್ಟಡ ನೋಡಿಕೊಳ್ಳುವ ಫ್ರಾವ್ ಲೆಕ್ನರ್ ಅಂಗಳ ಗುಡಿಸುತ್ತ ನಿನ್ನೆ ತಲೆಯೆತ್ತಿ ನೋಡಿದಳು.

"ಕಿಟಕಿ ನೋಡಿದ್ರೆ ಸಾಕಮ್ಮ, ಯಾರು ಮನೇಲಿ ಮಲಗಿದ್ರು, ಯಾರು ಇಲ್ಲ, ಎಲ್ಲಾ ಗೊತ್ತಾಗಿಬಿಡುತ್ತೆ. ನನ್ನ ಮಗನೂ ಕೇಳ್ತಿರ್ತಾನೆ."

ಅವಳ ಮಗನದೂ ಕಂದು ಅಂಗಿಯೇ. ಅವಳ ಮಾತನ್ನು ನಾನು ಒಳಗೆ ಹೇಳಿದಾಗ ಭಾವ ಕುಂಚ ತೊಳೆಯುವುದನ್ನು ನಿಲ್ಲಿಸಿ ಅಕ್ಕನ ಮುಖ ನೋಡಿದ.

ಅಪ್ಪನ ಕೆಮ್ಮಿಗೆ ಬಿಸಿ ಹಾಲು ಕೊಡು. ಮಾತೆ ಮರಿಯಮ್ಮ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ
ಬುರ್ಗಿ

ಬುಧವಾರ ಬೆಳಿಗ್ಗೆ: ಅಮ್ಮ, ಶನಿವಾರ ನಾನೊಬ್ಬಳೇ ಬರುತ್ತೇನೆ. ನಸುಕಿನಲ್ಲಿ ಅಕ್ಕ ನನ್ನ ಕೆನ್ನೆ ಮುಟ್ಟಿ, "ನಾವು ಬೆಟ್ಟ ದಾಟಿ ಗಡಿಯಾಚೆ ಹೋಗ್ತೀವಿ ಕಣೆ, ಅಮ್ಮನಿಗೆ ಹೇಳು" ಅಂದಳು. ಕನಸೆಂದುಕೊಂಡು ಮಗ್ಗುಲು ಬದಲಿಸಿದೆ. ಎದ್ದಾಗ ಇಬ್ಬರೂ ಇರಲಿಲ್ಲ. ಆ ಹೊಟ್ಟೆ ಹೊತ್ತು ಹಿಮದಲ್ಲಿ ಹೇಗೆ ನಡೆಯುತ್ತಾಳೋ. ಮಗುವನ್ನು ನೀನು ನೋಡುತ್ತೀಯೋ ಇಲ್ಲವೋ.

ಆಗಲೇ ಕೆಳಗಿನಿಂದ ಕೂಗು ಬಂತು: "ಏನಮ್ಮಾ ಬುರ್ಗಿ, ಇವತ್ತು ಇನ್ನೂ ಎದ್ದಿಲ್ವಾ ನಿಮ್ಮನೇಲಿ?"

"ಬಂದೆ, ಫ್ರಾವ್ ಲೆಕ್ನರ್!" ಎಂದೆ. ಮೂರೂ ರಜಾಯಿಗಳನ್ನು ಒಂದೊಂದಾಗಿ ಕೊಡವಿ ಕಿಟಕಿಯ ಮೇಲೆ ಹರವಿದೆ. ನನ್ನದೊಂದೇ ಬೆಚ್ಚಗಿತ್ತು.