ತಂಪುಮನೆಯ ಕಾಯ್ಹಕ್ಕು

ಮೇಲಗಡ್ಡಿ
ವೈಶಾಖದ ನಲವತ್ತೇಳನೇ ದಿನ, ೨೨೧೮

ಲೆಕ್ಕದ ಹಾಳೆಯ ಮುಂದೆ ಕುಳಿತಿರುವ ಹಿರಿಯರಿಗೆ,

ತಿಂಗಳಿಗೆ ನಲವತ್ತೇಳನೇ ದಿನ ಎಲ್ಲಿಂದ ಬಂತು ಎಂದು ನೀವು ಮೊದಲ ಸಾಲಿನಲ್ಲೇ ನಿಂತುಬಿಡಬಹುದು. ನಮ್ಮ ಪಂಚಾಂಗದಲ್ಲಿ ವೈಶಾಖಕ್ಕೆ ಅರವತ್ತು ದಿನ. ಬೇಸಿಗೆ ಮುಗಿಯದೆ ತಿಂಗಳು ಮುಗಿಸುವುದು ಸುಳ್ಳೆನಿಸಿ ನಮ್ಮ ಅಜ್ಜಂದಿರು ಹಾಗೆ ತಿದ್ದಿದರು. ನಮ್ಮ ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು. ಅವನ್ನು ಬಿಡಿಸಿ ಹೇಳುತ್ತ ಹೋಗುತ್ತೇನೆ. ಎಲ್ಲಾದರೂ ತಡವರಿಸಿದರೆ ಮನ್ನಿಸಿ.

ನಿಮ್ಮ ಕಾಲದಿಂದ ನಮ್ಮವರೆಗೆ ಹೆಚ್ಚು ಕೆಡದೆ ಉಳಿದು ಬಂದ ವಸ್ತು ಆ ಹಾಳೆ. ನೀವು ಸ್ಪ್ರೆಡ್‌ಶೀಟ್ ಎನ್ನುತ್ತೀರಿ, ನಾವು ಚೌಕದ ಹಾಳೆ ಎನ್ನುತ್ತೇವೆ. ಷೇರಿನ ಇಂದಿನ ಬೆಲೆ, ಮೊದಲೇ ಗೊತ್ತುಮಾಡಿದ ಬೆಲೆ, ಉಳಿದಿರುವ ಕಾಲ, ಬಡ್ಡಿಯ ದರ, ಬೆಲೆ ಎಷ್ಟು ಏರಿಳಿಯಬಹುದೆಂಬ ಅಂದಾಜು, ಇವನ್ನು ಒಂದೊಂದು ಚೌಕದಲ್ಲಿ ತುಂಬಿದರೆ ಪಕ್ಕದ ಚೌಕದಲ್ಲಿ ಆಪ್ಷನ್ನಿನ ಬೆಲೆ ಬಂದು ಕೂರುತ್ತದೆ. ಸೂತ್ರವನ್ನು ನಾವು ಮುಟ್ಟಲಿಲ್ಲ. ಆಪ್ಷನ್ ಎಂಬ ಮಾತು ಮಾತ್ರ ಹೋಗಿ ಕಾಯ್ಹಕ್ಕು ಎಂಬ ಮಾತು ಬಂತು. ಗೊತ್ತಾದ ಬೆಲೆಗೆ ಒಂದು ಷೇರನ್ನು ಇಂದೇ ಕೊಳ್ಳಬಹುದು, ಬೇಡವೆನಿಸಿದರೆ ಕಾಯಬಹುದು. ಅದೇ ಆ ಹಕ್ಕು.

ನಮ್ಮೂರಿಗೆ ಆ ಹಕ್ಕು ಏಕೆ ದೊಡ್ಡದು ಎಂದರೆ ತಂಪುಮನೆಯಿಂದಾಗಿ. ನೆಲದ ಕೆಳಗೆ ಕಲ್ಲು ಕೊರೆದು ಮಾಡಿದ ಉದ್ದನೆಯ ಪಡಸಾಲೆ ಅದು. ಮಧ್ಯಾಹ್ನದ ಹೊತ್ತು ಮೇಲೆ ಇರಲಾಗದ್ದರಿಂದ ಇಡೀ ಊರು ಅಲ್ಲಿಗೆ ಇಳಿಯುತ್ತಿತ್ತು. ಹೆಂಗಸರು ಬೆಳ್ಳುಳ್ಳಿ ಸುಲಿಯುತ್ತಿದ್ದರು, ದರ್ಜಿಗಳು ಕಾಜ ಹೊಲಿಯುತ್ತಿದ್ದರು, ಕೂಸುಗಳು ಬರಿಯ ಕಲ್ಲಿನ ಮೇಲೆ ಕೆನ್ನೆಯಿಟ್ಟು ಮಲಗುತ್ತಿದ್ದವು. ಮೂಲೆಯಲ್ಲಿ ಈರಬಸು ಎಂಬಾತನ ಮಜ್ಜಿಗೆಯ ಅಂಗಡಿ. ತಂಪುಮನೆಯನ್ನು ನಡೆಸುತ್ತಿದ್ದದ್ದು ಒಂದು ಷೇರು ಕಂಪನಿ. ಅದನ್ನು ಕಟ್ಟಿದವರು ಊರಿನ ಪ್ರತಿ ಕೂಸಿಗೂ ಹುಟ್ಟಿದ ದಿನವೇ ಒಂದು ಕಾಯ್ಹಕ್ಕು ಬರೆದುಕೊಡುವ ಪದ್ಧತಿ ಇಟ್ಟರು. ಅರವತ್ತು ವರ್ಷ ತುಂಬುವುದರೊಳಗೆ ಒಂದು ಹೊಲಿಗೆ ಯಂತ್ರದಷ್ಟು ಬೆಲೆ ಕೊಟ್ಟು ಅದನ್ನು ಷೇರು ಮಾಡಿಕೊಳ್ಳಬಹುದು. ಊರಿನವರೇ ಊರಿನ ತಂಪಿಗೆ ಒಡೆಯರಾಗಲಿ ಎಂಬುದು ಅವರ ಆಸೆ.

ನನ್ನ ಸೋದರತ್ತೆ ಕಾಶೀಬಾಯಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಊರೆಲ್ಲ ಅವರನ್ನು ಅಕ್ಕಾರ ಎನ್ನುತ್ತಿತ್ತು. ತಂಪುಮನೆಯ ಗೋಡೆಯ ಮೇಲೆ ದಿನವೂ ಚೌಕದ ಹಾಳೆ ಬೆಳಗುವಂತೆ ಮಾಡಿ, ಕಾಯ್ಹಕ್ಕಿನ ಬೆಲೆಯನ್ನು ಎಲ್ಲರಿಗೂ ಓದಲು ಕಲಿಸಿದವರು ಅವರೇ. ಮೊದಲ ಕಾಲಮ್ಮಿನಲ್ಲಿ ಇಂದೇ ಷೇರು ಕೊಂಡರೆ ಸಿಗುವ ಲಾಭ, ಎರಡನೆಯದರಲ್ಲಿ ಕೊಳ್ಳದೆ ಕಾದರೆ ಆ ಹಕ್ಕಿಗಿರುವ ಬೆಲೆ. ಎರಡನೆಯದು ಹೆಚ್ಚಿದ್ದರೆ ಮೂರನೆಯದು ಹಸಿರಾಗುತ್ತಿತ್ತು. ನಮ್ಮ ಕಂಪನಿ ಲಾಭಾಂಶ ಹಂಚುತ್ತಿರಲಿಲ್ಲ, ಬಂದದ್ದೆಲ್ಲ ತಂಪಿಗೇ ಹೋಗುತ್ತಿತ್ತು. ಅಂಥ ಷೇರಿನ ಹಕ್ಕನ್ನು ಅವಧಿಗೆ ಮುನ್ನ ಬಳಸಿಕೊಳ್ಳುವುದು ಎಂದೂ ಲಾಭವಲ್ಲ ಎಂದು ನಿಮ್ಮ ಪುಸ್ತಕಗಳಲ್ಲೂ ಇದೆ. ಅತ್ತೆ ಕಲಿಸಿದ್ದು ಸರಿಯಾಗಿಯೇ ಇತ್ತು. ಹಸಿರು ಒಂದು ದಿನವೂ ಆರಲಿಲ್ಲ. ಜನ ಕಾಯ್ಹಕ್ಕನ್ನು ಅಡವಿಟ್ಟು ಮದುವೆ ಮಾಡಿದರು, ವೈದ್ಯರಿಗೆ ಕೊಟ್ಟರು, ಅರವತ್ತು ಹತ್ತಿರ ಬಂದಾಗ ಪರವೂರಿನ ವ್ಯಾಪಾರಿಗಳಿಗೆ ಒಳ್ಳೆಯ ಬೆಲೆಗೆ ಮಾರಿದರು. ಊರಿನವರಲ್ಲಿ ಷೇರು ಮಾಡಿಕೊಂಡವರು ಮಾತ್ರ ಯಾರೂ ಇರಲಿಲ್ಲ.

ನನಗೆ ಹತ್ತು ವರ್ಷವಿದ್ದಾಗ ತಂಪುಮನೆಯ ಬಾಗಿಲಿಗೆ ಒಂದು ನೋಟೀಸು ಅಂಟಿತು. ಕಂಪನಿ ಕಟ್ಟಿದವರ ಮೊಮ್ಮಕ್ಕಳು, ಊರನ್ನೇ ಕಾಣದವರು, ತಂಪುಮನೆಯನ್ನು ಮೂವತ್ತು ವರ್ಷ ಒಂದು ಬೀಜ ಶೇಖರಣೆಯ ಸಂಸ್ಥೆಗೆ ಗುತ್ತಿಗೆ ಕೊಡಲು ಸಭೆ ಕರೆದಿದ್ದರು. ಮತ ಷೇರಿನವರಿಗೆ ಮಾತ್ರ. ಕಾಯ್ಹಕ್ಕಿಗೆ ಮತವಿಲ್ಲ. ಊರಿನ ಅರ್ಧದಷ್ಟು ಜನ ಷೇರು ಕೊಂಡರೂ ಸಾಕು, ಗುತ್ತಿಗೆಯ ಪ್ರಸ್ತಾಪ ಬಿದ್ದುಹೋಗುತ್ತಿತ್ತು. ಅತ್ತೆ ಅದೇ ವಾರ ತಮ್ಮ ಷೇರನ್ನು ಕೊಂಡರು. ಆಮೇಲೆ ತಂಪುಮನೆಯಲ್ಲಿ ಎದ್ದು ನಿಂತು, ನೀವೂ ಕೊಳ್ಳಿರಿ ಎಂದು ಕೇಳಿದರು.

ಈರಬಸು ಮಜ್ಜಿಗೆ ಕಡೆಯುವುದನ್ನು ನಿಲ್ಲಿಸಲಿಲ್ಲ. "ಅಕ್ಕಾರ, ಹಸಿರ ಇರೂತನಕ ಕೈ ಹಚ್ಚಬ್ಯಾಡ್ರಿ ಅಂತ ಹೇಳಿದವ್ರು ನೀವ. ಗ್ವಾಡಿ ನೋಡ್ರಿ, ಇನ್ನೂ ಹಸಿರ ಐತಿ."

"ಹಸಿರ ಐತೋ ಈರಬಸು. ಆದ್ರ ನೀ ಕುಂತ ಜಾಗಾನ ಹೊಂಟೈತಿ."

"ಜಾಗಾ ಗುತ್ತಿಗಿಗೆ ಹ್ವಾದ್ರ ಷೇರ ಏರತೈತಂತ್ರೀ. ಈಗ ಕೊಂಡ್ರ ಕಾಯೂ ಹಕ್ಕ ಹೋಗಿ ನನಗ ಲುಕ್ಸಾನ ಆಗೂದಿಲ್ಲೇನ?"

"ಆಕ್ಕೈತಿ."

"ಮತ್ತ? ನೀವ ಕಲಿಸಿದ ಲೆಕ್ಕಾ ನಿಮಗ ಮರತೈತೇನ್ರೀ?"

ಪಡಸಾಲೆಯೆಲ್ಲ ನಕ್ಕಿತು. ಅದರಲ್ಲಿ ದ್ವೇಷವಿರಲಿಲ್ಲ. ಪಾಠ ಚೆನ್ನಾಗಿ ಒಪ್ಪಿಸಿದ ಮಕ್ಕಳ ನಗೆ ಅದು. ಉಳಿದವರು ಕೊಳ್ಳುತ್ತಾರೆ, ತಂಪುಮನೆ ಉಳಿಯುತ್ತದೆ, ನನ್ನ ಹಕ್ಕೂ ನನ್ನ ಕೈಯಲ್ಲೇ ಇರುತ್ತದೆ ಎಂದು ಪ್ರತಿಯೊಬ್ಬರೂ ಎಣಿಸಿದರು.

ಸಭೆಯಲ್ಲಿ ಅತ್ತೆ ಒಬ್ಬರೇ ವಿರುದ್ಧವಾಗಿ ಕೈ ಎತ್ತಿದರು. ಗುತ್ತಿಗೆಯ ಸುದ್ದಿ ಹೊರಬಿದ್ದ ಮಧ್ಯಾಹ್ನ ಕಾಯ್ಹಕ್ಕಿನ ಬೆಲೆ ಎಂದೂ ಇಲ್ಲದಷ್ಟು ಏರಿತು. ಗೋಡೆಯ ಮೇಲೆ ಆ ಅಂಕಿ ಕಂಡಾಗ ಕೆಲವರು ಚಪ್ಪಾಳೆ ತಟ್ಟಿದ್ದು ನನಗೆ ನೆನಪಿದೆ. ಅದು ನಾವು ಅಲ್ಲಿ ಕುಳಿತ ಕೊನೆಯ ವಾರ. ಮುಂದಿನ ಬೇಸಿಗೆಗಳಲ್ಲಿ ಹಳೆಯ ಬಾವಿಗಳಿಗೆ ಇಳಿದು ಕುಳಿತೆವು, ಒದ್ದೆ ಗೋಣಿ ಹೊದ್ದು ಮಲಗಿದೆವು. ಅಷ್ಟು ಮೆಟ್ಟಿಲು ಇಳಿಯಲಾಗದ ಮುದುಕರನ್ನು ಒಬ್ಬೊಬ್ಬರಾಗಿ ಕಳೆದುಕೊಂಡೆವು. ಅವರಲ್ಲಿ ಈರಬಸುವಿನ ತಾಯಿ ಮೊದಲನೆಯವರು. ಅಂದು ಶವದ ಮುಂದೆ ಕುಳಿತಿದ್ದ ಆತ ಅತ್ತೆಯನ್ನು ಕಂಡು ಮುಖ ತಗ್ಗಿಸಿದ. ಅತ್ತೆ ಹೋಗಿ ಆತನ ಪಕ್ಕದಲ್ಲಿ ಕುಳಿತರು.

ಷೇರಿನವರೆಂದು ಅತ್ತೆಗೆ ವರ್ಷಕ್ಕೊಮ್ಮೆ, ಸಭೆಯ ದಿನ, ಒಳಗೆ ಹೋಗಲು ಅವಕಾಶವಿತ್ತು. ನಾವು ಮಕ್ಕಳು ಬಾಗಿಲ ಹೊರಗೆ ಬಿಸಿಲಲ್ಲಿ ಕಾಯುತ್ತಿದ್ದೆವು. ಅವರು ಹೊರಬಂದ ಕೂಡಲೇ ಮುಗಿಬಿದ್ದು ಅವರ ಕೈಗಳನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದೆವು. ದಾರಿಯ ಬೇವಿನ ಮರ ತಲುಪುವಷ್ಟರಲ್ಲಿ ಆ ತಂಪು ಮಾಯವಾಗುತ್ತಿತ್ತು.

ಅತ್ತೆ ಈ ಮಾಘದಲ್ಲಿ ತೀರಿಕೊಂಡರು. ಆ ಒಂದು ಷೇರು ಈಗ ನನ್ನ ಹೆಸರಿನಲ್ಲಿದೆ. ಗುತ್ತಿಗೆಯೂ ಮುಗಿಯುತ್ತ ಬಂತು. ಅದನ್ನು ಮುಂದುವರಿಸುವ ಮತಕ್ಕೆ ಇನ್ನು ಮೂರು ದಿನ. ಷೇರು ಕೊಳ್ಳಿರಿ ಎಂದು ಕೇಳಲು ನಾನು ಮನೆಮನೆಗೆ ಹೋಗಿ ಬಂದೆ. ಯಾರೂ ಇಲ್ಲವೆನ್ನಲಿಲ್ಲ. "ನೋಡೂಣ್ರಿ" ಎಂದು ಹಾಳೆಯ ಕಡೆ ತಿರುಗಿದರು.

ಅದಕ್ಕಾಗಿ ನಿಮ್ಮಲ್ಲಿ ಕೇಳಿಕೊಳ್ಳುತ್ತಿದ್ದೇನೆ. ನಿಮ್ಮಲ್ಲಿ ಯಾರೋ ಒಬ್ಬರು ಇವತ್ತು ಈ ಹಾಳೆಯನ್ನು ಇನ್ನೊಬ್ಬರಿಗೆ ಕಲಿಸುತ್ತಿರಬಹುದು. ಮೂರನೇ ಕಾಲಮ್ಮಿಗೆ ಬಣ್ಣ ಹಾಕುವುದನ್ನು ತೋರಿಸಿದ ದಿನವೇ ಕಲಿಯುವವರನ್ನು ಯಾವುದಾದರೂ ಒಂದು ಕಂಪನಿಯ ಸಭೆಗೆ ಕರೆದುಕೊಂಡು ಹೋಗಿರಿ. ಅಲ್ಲಿ ಯಾರು ಕೈ ಎತ್ತುತ್ತಾರೆ, ಯಾರ ಕುರ್ಚಿ ಖಾಲಿ ಇದೆ ಎಂಬುದನ್ನು ತೋರಿಸಿರಿ. ನೀವು ಹೀಗೆ ಕಲಿಸಿದರೆ ಆ ಪಾಠವೂ ಹಾಳೆಯ ಜೊತೆಗೇ ನಮ್ಮತ್ತೆಯವರೆಗೆ ಬಂದೀತು.

ನಿಮ್ಮ ಮುಂದಿನವಳು,
ರುದ್ರಾಣಿ